ಹುಣಸೆಮರದಡಿಯ ಗಣತಿ ಮೇಷ್ಟ್ರು
ಎಪ್ಪತ್ತೊಂದರ ಜನಗಣತಿಗೆ ಹನೂರು ಕಡೆ ತಿರುಗಿದ ಚಿಕ್ಕಸಿದ್ದಯ್ಯ ಮೇಷ್ಟ್ರು ಯಾವ ಹೊಲಗೇರಿಯೊಳಕ್ಕೂ ಕಾಲಿಡುತ್ತಿರಲಿಲ್ಲ. ಕೇರಿಯಾಚೆಯ ಹುಣಸೆಮರದಡಿ, ನೆರಳಿದ್ದರೂ ಕೊಡೆ ಬಿಚ್ಚಿ ನಿಂತು, ‘ಅಲ್ಲಿಂದ್ಲೇ ಎಸ್ರು ಕೂಗ್ರಪ್ಪ!’ ಎನ್ನುವರು, ಕೂಸು ಅತ್ತರೆ ಅದನ್ನೂ ಒಂದು ತಲೆಯೆಂದು ಬರೆದುಕೊಳ್ಳುವರು. ನೀರು ಕೊಟ್ಟರೆ ಬಾಯಾರಿಕೆಯಿಲ್ಲವೆಂದು ಒಣತುಟಿ ಸವರಿಕೊಳ್ಳುವರು. ‘ನಮ್ ನೀರ್ ಕುಡುದ್ರೆ ಲೆಕ್ಕ ತಪ್ಪೋದಾ ಸಾ?’ ಎಂದು ಗೋವಿಂದಮ್ಮ ಕಿಚಾಯಿಸಿದಾಗ ಮೇಷ್ಟ್ರು ಕೊಡೆಯನ್ನು ಮುಖಕ್ಕೆ ತಗ್ಗಿಸಿದರು. ಅವಳು ಹೂಗ್ಯಂ ಊರಿನಿಂದ ಆ ಕೇರಿಗೆ ಬಂದ ಸೊಸೆ, ಮುಖ ಕಂಡರೆ ಗುರುತು ಹಿಡಿದಾಳು. ಅದೇ ಹೂಗ್ಯಂ ಕೇರಿಯಲ್ಲಿ ಹುಟ್ಟಿದ ಇವರು, ಊರೊಳಗೆ ಬಾಡಿಗೆ ಮನೆ ಸಿಗಲೆಂದು ಜಾತಿ ಮುಚ್ಚಿಟ್ಟಿದ್ದರು. ಕೊನೆಗೆ ತಮ್ಮದೇ ಗಣತಿ ಚೀಟಿ ಬರೆಯುವಾಗ ಆ ಬಾಡಿಗೆ ಮನೆಯ ಯಜಮಾನ ಎಲೆಯಡಿಕೆ ಜಗಿಯುತ್ತ ಪಕ್ಕದಲ್ಲೇ ಕೂತಿದ್ದ. ‘ಪರಿಶಿಷ್ಟ ಜಾತಿಯೇ?’ ಎಂಬಲ್ಲಿ ಮೇಷ್ಟ್ರು ‘ಅಲ್ಲ’ ಎಂದು ಬರೆದರು. ಅಳುವ ಕೂಸನ್ನೂ ಬಿಡದವರು ತಮ್ಮನ್ನೇ ಬಿಟ್ಟರು. ನಿಮ್ಮ ಬೀದಿಯಲ್ಲೊಂದು ಮನೆ ಖಾಲಿಯಿದೆಯಲ್ಲ, ಜಾತಿ ಕೇಳದೆ ಕೊಡಿ; ಲೆಕ್ಕ ಆಮೇಲೆ ಕೇಳಿ.