ಚೀಲದೊಳಗೆ ಕೈ ಹಾಕಿದ ದಿನ

“ಎಂತ ತಮಾ, ಮೂಗು ಮುಚ್ಕಂಡು ಚೀಲ ಎಣ್ಸಿರೆ ಆತಾ? ಕೈ ಹಾಕಿ ನೋಡು!”

ಗದರಿದವರು ಕಾಸರಕೋಡದ ಒಣಮೀನು ವ್ಯಾಪಾರಿ ನಾಗಮ್ಮ. ಎಪ್ಪತ್ತರ ದಶಕದ ಕೊನೆಯ ಮಾತು. ಬಿ.ಕಾಂ. ಓದುತ್ತಿದ್ದ ನಮ್ಮನ್ನು ದಾಸ್ತಾನು ಪರಿಶೀಲನೆ ಕಲಿಯಲೆಂದು ಮೇಷ್ಟ್ರು ನಾಗಮ್ಮನವರ ಗೋದಾಮಿಗೆ ಕಳಿಸಿದ್ದರು. ನಾನು ಬಾಗಿಲಲ್ಲೇ ನಿಂತು, “ಒಣಸಿಗಡಿ, ಮೂವತ್ತು ಚೀಲ, ಸುಸ್ಥಿತಿ” ಎಂದು ಬರೆದಾಗಿತ್ತು.

ಅಳುಕುತ್ತಲೇ ಒಂದು ಚೀಲಕ್ಕೆ ಮೊಣಕೈವರೆಗೆ ತೋಳಿಳಿಸಿದೆ. ಮೇಲೆಲ್ಲ ಗರಿಗರಿ, ತಳದಲ್ಲಿ ಸಿಗಡಿ ತೇವ ಹಿಡಿದು ಮುದ್ದೆಯಾಗಿತ್ತು. ಮುಖ ಸಪ್ಪಗೆ ಮಾಡಿಕೊಂಡು ಹೇಳಿದೆ. ನಾಗಮ್ಮ ನಕ್ಕುಬಿಟ್ಟರು.

“ಅದ್ನ ಬರಿ. ನಾಳೆ ಮತ್ತೆ ಬಿಸ್ಲಿಗೆ ಹಾಕುವಾ.”

ಆ ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ.

ಮುಂದೆ ಬ್ಯಾಂಕಿನ ಕೆಲಸದಲ್ಲಿ, ಸಾಲಕ್ಕೆ ಅಡವಿಟ್ಟ ಸರಕು ಪರಿಶೀಲಿಸಲು, ಎಷ್ಟೋ ಗೋದಾಮುಗಳನ್ನು ನೋಡಿದೆ. ನಿವೃತ್ತಿಯವರೆಗೂ ಶರ್ಟಿನ ತೋಳು ಮಡಚಿದ ಮೇಲೆಯೇ ಪೆನ್ನು ತೆಗೆದೆ.