ಜೀಪಿಗೆ ಕೀಲೆಣ್ಣೆ ಹಾಕಿದ್ದು

ನಮ್ಮ ಮನೆಗೆ ಜೀಪು ಬಂದಾಗ ಉಮರ್ಗಾದ ನಮ್ಮ ಓಣಿಯಲ್ಲಿ ಮೋಟಾರು ಅನ್ನುವುದೇ ಇರಲಿಲ್ಲ. ಪೋಲೀಸ್ ಆಕ್ಷನ್ ಆಗಿ ನವಾಬರ ಹಳೇ ಸರ್ಕಾರ ಹೋಗಿ ಮೂರ್ನಾಲ್ಕು ವರ್ಷ ಕಳೆದಿತ್ತು. ಮಿಲಿಟರಿಯವರು ತಮ್ಮ ಹಳೇ ಗಾಡಿಗಳನ್ನು ಸೋಲಾಪುರದಲ್ಲಿ ಹರಾಜಿಗೆ ಇಟ್ಟಾಗ ನಮ್ಮ ಮನೆಯವರು ಹೋಗಿ ಒಂದನ್ನು ತಂದರು. ಮಾಸಿದ ಹಸಿರು ಬಣ್ಣ, ಮುಂದಿನ ಗಾಜಿನಲ್ಲಿ ಬಿರುಕು, ಸ್ಟೇರಿಂಗ್ ಚಕ್ರ ಹಿಡಿದು ಕೂರುವುದು ಎಡಗಡೆ. ನನ್ನ ಅತ್ತೆ ಅದರ ಹಣೆಗೆ ವಿಭೂತಿ ಬಳಿದು ಕಾಯಿ ಒಡೆಸಿದಳು. "ಇನ್ನ ನಮ್ಮ ಮನಿ ಹೆಣ್ಣಮಕ್ಕಳು ಮಂದಿ ಜೋಡಿ ಬಸ್ಸಿನ್ಯಾಗ ಕುಂಡ್ರಂಗಿಲ್ಲ" ಅಂದಳು. ಓಣಿಗೆಲ್ಲ ಕೇಳಬೇಕೆಂದೇ ಅಂದ ಮಾತು ಅದು.

ಎರಡನೇ ವರ್ಷಕ್ಕೆ ಗಾಡಿಯ ಸ್ಟೇರಿಂಗ್ ಪೆಟ್ಟಿಗೆ ಸೋರಲು ಹತ್ತಿತು. ಚಕ್ರದ ಕೋಲು ಕೆಳಗಿಳಿದು ಸೇರುವಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ, ಅದರ ತುಂಬ ದಪ್ಪ ಎಣ್ಣೆ ಇರಬೇಕು. ನಮ್ಮದರಲ್ಲಿ ತುಂಬಿದ್ದೆಲ್ಲ ನಾನು ಸಾರಿಸಿದ ಅಂಗಳಕ್ಕೇ ಬೀಳುತ್ತಿತ್ತು. ಕಡೆಕಡೆಗೆ ಚಕ್ರವನ್ನು ಕಾಲು ಸುತ್ತು ತಿರುಗಿಸಿದ ಮೇಲೆ ಗಾಲಿ ಹೊರಳುತ್ತಿತ್ತು. ಗಾಡಿ ಬಾಗಿಲ ಮುಂದೆ ನಿಂತಿತು.

ಅದೇ ಹೊತ್ತಿಗೆ ಉದಗೀರದಿಂದ, ನನ್ನ ತವರಿಂದ, ಒಬ್ಬ ಜಂಗಮರು ಮಾತು ತಂದರು. "ನಿಮ್ಮವ್ವ ಹಾಸಿಗಿ ಹಿಡಿದಾಳ ತಂಗೀ. ಅನ್ನ ಬಿಟ್ಟು ನಾಕು ದಿನ ಆತು. ಮಗಳ್ನ ಒಮ್ಮಿ ನೋಡತೀನಿ ಅಂತ ಅನ್ಲಾಕತ್ಯಾಳ."

ನಾನು ಅತ್ತೆಯನ್ನು ಕೇಳಿದೆ. "ಅತ್ತಿ, ಬಸ್ಸಿಗೆ ಹೋಗಿ ಬರಲೇನ್ರಿ?"

ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ. "ಮನಿ ಮುಂದ ಗಾಡಿ ನಿಂತದ. ಸೊಸಿ ಬಸ್ಸಿನ್ಯಾಗ ಹೋದ್ರ ಮಂದಿ ನನ್ನ ಮಾರಿ ನೋಡಿ ನಗಬೇಕೇನು? ನಿಮ್ಮವ್ವ ಇಷ್ಟು ವರ್ಷ ಇದ್ದಾಳ, ಗಾಡಿ ರಿಪೇರಿ ಆಗೋತನಕ ಇರತಾಳ ತಗೋ."

ನಮ್ಮ ಮನೆಯವರು ಹೊರಸಿನ ಮೇಲೆ ಕೂತಿದ್ದರು. "ಅವ್ವ ಅಂದಾಳಲ್ಲ" ಅಂದರು, ಅಷ್ಟೇ. ಆದರೆ ಅದೇ ದಿನ ನಿಲಂಗಾಕ್ಕೆ ಹೇಳಿ ಕಳಿಸಿ ಉಸ್ತಾದನನ್ನು ಕರೆಸಿದರು. ಅದನ್ನು ನಾನು ಶಿವನ ದಯೆ ಎಂದುಕೊಂಡೆ. ಬೇರೆ ಗಂಡಸಾಗಿದ್ದರೆ ಅದನ್ನೂ ಮಾಡುತ್ತಿರಲಿಲ್ಲ.

ಉಸ್ತಾದರು ಹಳೇ ಸರ್ಕಾರದ ಪಲ್ಟನ್ನಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಮುಸಲ್ಮಾನರು. ಪಲ್ಟನ್ ಮುರಿದ ಮೇಲೆ ನಿಲಂಗಾ ಬಸ್ ಸ್ಟ್ಯಾಂಡಿನ ಹತ್ತಿರ ಬೇವಿನ ಗಿಡದ ಕೆಳಗೆ ನಟ್ಟು ಬಿಚ್ಚುವ ಪಾನಾ ಇಟ್ಟುಕೊಂಡು ಕೂರುತ್ತಿದ್ದರು. ಊರೆಲ್ಲ ಅವರನ್ನು ಉಸ್ತಾದ ಎನ್ನುತ್ತಿತ್ತು, ಮತ್ತು ಊರೆಲ್ಲ ಏಕವಚನದಲ್ಲೇ ಮಾತಾಡಿಸುತ್ತಿತ್ತು. ನಮ್ಮ ಮನೆಯಲ್ಲಿ ಅವರ ಊಟದ ಗಂಗಾಳ ಕೊಟ್ಟಿಗೆಯ ಗೂಡಿನಲ್ಲಿ ಇರುತ್ತಿತ್ತು. ತಾವೇ ತೊಳೆದು ತಾವೇ ಅಲ್ಲಿ ಇಡಬೇಕು.

"ನಿನ್ನ ಗಂಗಾಳಾ ಅಲ್ಲೇ ಅದ ನೋಡು, ಎಮ್ಮಿ ಬಾಜೂಕ" ಅಂದಳು ಅತ್ತೆ. "ಇಬ್ಬರೂ ಕೂಡಿ ಮೇಯ್ರಿ."

"ಎಮ್ಮಿ ಹಾಲರ ಕೊಡತದ ಅಮ್ಮಾ. ನಂದೇನ್ರಿ, ಬರೇ ಮಸಿ" ಅಂದು ಅವರು ನಕ್ಕರು. ನಮ್ಮ ಮನೆಯವರೂ ನಕ್ಕರು. ನಾನೂ ಸೆರಗಿನೊಳಗೆ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಉಸ್ತಾದರು ಬಂದ ದಿನವಿಡೀ ನಾನು ಹೊಸ್ತಿಲ ಹತ್ತಿರದ ಕೆಲಸವನ್ನೇ ಹುಡುಕಿಕೊಂಡು ಮಾಡಿದೆ. ಅವ್ವನ ಮುಖ ನೋಡುವುದು ಆ ಪೆಟ್ಟಿಗೆಯ ಮೇಲೆ ನಿಂತಿತ್ತಲ್ಲ. ಉಸ್ತಾದರು ಪೆಟ್ಟಿಗೆ ಬಿಚ್ಚಿ ಗೋಣಿಚೀಲದ ಮೇಲೆ ಇಟ್ಟರು. ಒಳಗೆ ಸುರುಳಿಯ ಹಾಗೆ ತೋಡು ಕೊರೆದ ಒಂದು ದಂಡ, ಆ ತೋಡಿನಲ್ಲಿ ಓಡಾಡುವ ಎರಡು ಮೊಳೆಯಂಥವು, ಸಣ್ಣ ಕಬ್ಬಿಣದ ಗುಂಡುಗಳು. ಎಲ್ಲವನ್ನೂ ಚಿಮಣಿ ಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಹಡೆದವಳು ಕೂಸಿನ ಮೈ ಒರೆಸಿದಂತೆ ಒರೆಸುತ್ತಿದ್ದರು. ಎಣ್ಣೆ ತಡೆಯುವ ಬಳೆ ಒಣಗಿದ ಕುಳ್ಳಿನ ಹಾಗೆ ಪುಡಿಯಾಗಿತ್ತು. ಕುದುರೆಯ ತಡಿಯ ಕೆಳಗೆ ಹಾಸುವ ದಪ್ಪ ಉಣ್ಣೆಯ ನಮದಾದ ತುಂಡೊಂದು ಅವರ ಚೀಲದಲ್ಲಿತ್ತು. ಅದರಿಂದ ಹೊಸ ಬಳೆ ಕತ್ತರಿಸಿ ಎಣ್ಣೆಯಲ್ಲಿ ನೆನೆಸಿ ಕೂರಿಸಿದರು. ಮುಚ್ಚಳದ ಕೆಳಗಿನ ಪ್ಯಾಕಿಂಗಿಗೆ ಹಳೇ ವಹಿಯ ರಟ್ಟನ್ನು ಮುಚ್ಚಳದ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಅಂಚು ತಾನಾಗಿ ಕತ್ತರಿಸಿ ಬಂತು.

ಸಂಜೆ ಮುಂದೆ ಪೆಟ್ಟಿಗೆ ತನ್ನ ಜಾಗ ಸೇರಿತು. "ಸೋರೋದು ನಿಂತಿತು ಮಾಲಕ. ಖರೇ ಒಳಗ ಗೇರ್ ಎಣ್ಣಿನೇ ಬೀಳಬೇಕು. ಇಲ್ಲಿ ಸಿಗಂಗಿಲ್ಲ. ನಾ ಸೋಲಾಪುರದಿಂದ ತರತೀನಿ, ನಾಳಿ ಮಧ್ಯಾಹ್ನಕ್ಕ ಇಲ್ಲಿರತೀನಿ. ಅಲ್ಲೀತನಕ ಗಾಡಿ ಮುಟ್ಟಬ್ಯಾಡ್ರಿ." ಹೋಗುವಾಗ ನನ್ನ ಕಡೆ ನೋಡದೆ, ತಗ್ಗಿದ ದನಿಯಲ್ಲಿ, "ಒಂದೇ ದಿನ, ಬಾಯಿಯವರೇ. ಮಾಲಕ್ ನಿಮ್ಮ ತಾಯೀನ ಇಟ್ಟಿರತಾನ" ಅಂದು ಆಕಾಶದ ಕಡೆ ಕೈ ಮಾಡಿದರು.

ಮರುದಿನ ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿ ಅಳುತ್ತಿದ್ದೆ. ಅತ್ತೆಗೆ ಅಳುವವರನ್ನು ಕಂಡರೆ ಆಗದು. "ಎಣ್ಣಿ ತರಲಾಕ ಸೋಲಾಪುರಕ್ಕ ಯಾಕ ಹೋಗಬೇಕು? ನಮ್ಮ ಬಂಡಿ ಅಚ್ಚಿಗೆ ಏನ ಹಾಕತೀವಿ? ಕೀಲೆಣ್ಣಿ ಹಾಕಿದ್ರ ತಿರಗಂಗಿಲ್ಲೇನು? ಇಪ್ಪತ್ತು ವರ್ಷ ಆತು, ನಮ್ಮ ಬಂಡಿ ಗಾಲಿ ಒಮ್ಮಿನೂ ಚೀರಿಲ್ಲ."

ಕೀಲೆಣ್ಣೆ ಅಂದರೆ ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ್ದು. ಪ್ರತಿ ಬಂಡಿಯ ಕೆಳಗೂ ಅದರ ಬಿದಿರಿನ ನಳಿಗೆ ತೂಗಾಡುತ್ತಿರುತ್ತದೆ. ನಮ್ಮ ಮನೆಯವರಿಗೂ ಮಾತು ಹಿಡಿಸಿತು. "ಗಟ್ಟಿ ಇರತದ, ಸೋರಂಗೂ ಇಲ್ಲ. ಆ ಉಸ್ತಾದ ಸುಮ್ನ ದಿನಾ ದೂಡಲಾಕತ್ಯಾನ."

ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. ಕಣ್ಣೊರೆಸಿಕೊಂಡು ನಾನೇ ಎದ್ದೆ. ಕಣದಲ್ಲಿ ಬಿದ್ದಿದ್ದ ಹುಲ್ಲು ಬಾಚಿ ತಂದು ಸುಟ್ಟೆ. ಯಾವಾಗಲೂ ಆ ಕರಿಯನ್ನು ಹಳೇ ಧೋತರದಲ್ಲಿ ಸೋಸಿಯೇ ಎಣ್ಣೆಗೆ ಹಾಕುವುದು, ಕಣದ ಉಸುಕು ಅದರೊಳಗೆ ಇರುತ್ತದೆ. ಅವತ್ತು ಸೋಸಲಿಲ್ಲ. ಸೋಸಲು ಅರ್ಧ ತಾಸು ಬೇಕು, ನನ್ನ ಜೀವ ಆಗಲೇ ಉದಗೀರದಲ್ಲಿತ್ತು. ಬೋಗುಣಿ ಹಿಡಿದು ನಾನೇ ಪೆಟ್ಟಿಗೆಯ ಬಾಯಿಗೆ ಬೆರಳಿನಿಂದ ತುರುಕಿದೆ. ಆಮೇಲೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ.

ನಿಲಂಗಾದ ತನಕ ಗಾಡಿ ಚೆನ್ನಾಗಿಯೇ ಓಡಿತು. ದಾಟಿ ಎರಡು ಹರದಾರಿ ಹೋಗುವಷ್ಟರಲ್ಲಿ ನಮ್ಮ ಮನೆಯವರು "ಚಕ್ರ ಬಿಗೀಲಾಕತ್ತದ" ಅಂದರು. ಒಂದು ತಿರುವಿನಲ್ಲಿ ಅವರು ತಿರುಗಿಸಿದರು, ಗಾಡಿ ತಿರುಗಲಿಲ್ಲ. ತೊಗರಿ ಹೊಲಕ್ಕೆ ನುಗ್ಗಿ ಬದುವಿಗೆ ತಾಗಿ ನಿಂತಿತು. ಇಬ್ಬರಿಗೂ ಎಲುಬು ಮುರಿಯಲಿಲ್ಲ. ನನ್ನ ಕೈಯ ಬಳೆ ಸಹ ಒಡೆಯಲಿಲ್ಲ. ಅದೂ ಶಿವನ ದಯೆಯೇ ಎಂದುಕೊಂಡೆ.

ಹೊಲದವರು ಕೂಡಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಉದಗೀರದ ಬಸ್ಸು ಬಂದು ನಿಂತಿತು. ಅದರಿಂದ ಎಣ್ಣೆಯ ಡಬ್ಬಿ ಹಿಡಿದು ಉಸ್ತಾದರು ಇಳಿದರು. ನಮ್ಮ ಮನೆಗೆ ಹೋಗಿ, ನಾವು ಹೊರಟಿದ್ದು ಕೇಳಿ ಬೆನ್ನು ಹತ್ತಿ ಬಂದಿದ್ದರು. ಇಳಿದವರೇ, "ಬಾಯಿಯವರ್ನ ಇದರಾಗೇ ಕಳಸ್ರಿ ಮಾಲಕ. ಜಾಗಾ ಅದ. ಗಾಡಿ ನಾ ನೋಡಕೋತೀನಿ" ಅಂದರು.

ಬಸ್ಸಿನವನೂ ಕೇಳಿದ, "ಉದಗೀರ ಬರತೀರೇನ್ರಿ?"

ನಾನು ಒಂದು ಹೆಜ್ಜೆ ಮುಂದಿಟ್ಟಿದ್ದೆ. ನಮ್ಮ ಮನೆಯವರು ಅಷ್ಟು ಜನರ ಮುಂದೆ ಕೈ ಬೀಸಿ, "ಹೋಗ್ರಿ ಹೋಗ್ರಿ, ನಮ್ಮದು ಸ್ವಂತ ಗಾಡಿ ಅದ" ಅಂದರು. ಬಸ್ಸು ಹೋಯಿತು. ಅದರ ಧೂಳು ಅಡಗುವ ತನಕ ನಾನು ಅಲ್ಲೇ ನಿಂತೆ.

ಉಸ್ತಾದರು ಪೆಟ್ಟಿಗೆ ಬಿಚ್ಚಿದರು. ಒಳಗಿನ ಕಪ್ಪನ್ನು ಎರಡು ಬೆರಳಲ್ಲಿ ತಿಕ್ಕಿದರು, ಮೂಸಿದರು. "ಹರಳೆಣ್ಣಿ. ಮಸಿ. ಉಸುಕು" ಅಂದರು. ಆಮೇಲೆ, "ಇದು ಯಾರ ಹಾಕಿದ್ರು?"

ಜನ ನಮ್ಮ ಮನೆಯವರ ಮುಖ ನೋಡಿದರು. ತಾಯಿಯ ಮಾತು ಕೇಳಿ ಮೋಟಾರಿಗೆ ಬಂಡಿಯ ಎಣ್ಣೆ ಹಾಕಿದೆ ಎಂದು ಅವರು ಹೇಗೆ ಹೇಳಿಯಾರು? ಉಸ್ತಾದರ ಕಪಾಳಕ್ಕೆ ಹೊಡೆದರು. "ನೀನೇ ಹಾಕೀದಿ. ಇನ್ನೂ ಹಳೇ ಸರ್ಕಾರದ ಸೇಡು ತೀರಿಸಲಾಕತ್ತೀಯೇನೋ?"

ಆ ದಿನಗಳಲ್ಲಿ ಆ ಮಾತು ಅಂದರೆ ಆಡಿ ಬಿಡುವ ಮಾತಲ್ಲ, ಅದರ ಮೇಲೆ ಹೆಣ ಬಿದ್ದಿದ್ದವು. ಹಿಂದಿನಿಂದ ಒಬ್ಬ ಮರಾಠಿಯಲ್ಲಿ, "ಜುನ್ಯಾ ಸರಕಾರಚಾ ಕಾ ಹಾ?" ಅಂದ. ಹಳೇ ಸರ್ಕಾರದವನೇನು ಇವನು ಎಂದು. ಇನ್ನೊಬ್ಬ ಕೈಯಲ್ಲಿದ್ದ ಬಡಿಗೆಯನ್ನು ಎಡಗೈಯಿಂದ ಬಲಗೈಗೆ ತಗೊಂಡ.

ಉಸ್ತಾದರು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಅವರ ಕಣ್ಣು ನನ್ನ ಕೈ ಮೇಲೆ ಬಿತ್ತು. ನಾನು ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಅವರು ಕಂಡರು, ನಾನು ಎಳೆದುಕೊಂಡದ್ದನ್ನೂ ಕಂಡರು. ಕೈ ಜೋಡಿಸಿ, "ಗಲತಿ ನಂದೇ ಮಾಲಕ. ನಾನೇ ಹಾಕಿದ್ದೆ. ಮತ್ತ ಮಾಡಿಕೊಡತೀನಿ" ಅಂದರು.

ಬಡಿಗೆಯವ ಅದನ್ನು ಕೆಳಗಿಟ್ಟ. ಜನ ಚದುರಿದರು. ನನ್ನ ಮರ್ಯಾದೆ ಉಳಿಯಿತು ಎಂದು ನಾನು ಅಲ್ಲೇ ನಿಂತು ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಮುಟ್ಟಿಕೊಂಡದ್ದು ನಿಜ.

ಉಸುಕು ತೋಡನ್ನೆಲ್ಲ ಗೀರಿತ್ತು. ಅವರು ಮೂರು ಸಲ ತೊಳೆದು, ಗೀರು ಬಿದ್ದಲ್ಲಿ ಪಾಲಿಶ್ ಕಾಗದ ತಿಕ್ಕಿ, ಗುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಕೂರಿಸುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಯಿತು. ನಾವು ಆ ಹೊಲದವರ ಮನೆಯಲ್ಲಿ ಉಂಡೆವು. ಉಸ್ತಾದರಿಗೆ ಯಾರೂ ಕೊಡಲಿಲ್ಲ, ನಾನೂ ಕೊಡಿಸಲಿಲ್ಲ.

ಆಮೇಲೆ ಗಾಡಿ ಎಷ್ಟು ಚಂದ ಓಡಿತೆಂದರೆ ನಮ್ಮ ಮನೆಯವರು ಒಂದೇ ಬೆರಳಿನಿಂದ ಚಕ್ರ ತಿರುಗಿಸಿ ತೋರಿಸಿದರು. ಉದಗೀರದ ನಮ್ಮ ಓಣಿಗೆ ತಿರುಗುವಾಗ ಹಾರ್ನ್ ಸಹ ಬಾರಿಸಿದರು. ತವರಿನ ಬಾಗಿಲಲ್ಲಿ ಗಂಡಸರು ಕಾಲು ತೊಳೆಯುತ್ತಿದ್ದರು. ಅವ್ವನಿಗೆ ಮಣ್ಣು ಕೊಟ್ಟು ಆಗಷ್ಟೇ ಬಂದಿದ್ದರು.

ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನನ್ನು ಒಳಗೆ ಕರೆದೊಯ್ದಳು. "ನಿನ್ನೆ ಸಂಜೀತನಕ ಬಾಗಲಾ ನೋಡಿದ್ಲು. ಬಸ್ಸಿನ ಸಪ್ಪಳಾ ಕೇಳಿದಾಗೊಮ್ಮಿ, ಬಂದ್ಲೇನು ಅಂತ ಕೇಳತಿದ್ಲು. ನೀ ಬಸ್ಸಿಗೆ ಯಾಕ ಬರಲಿಲ್ಲ?"

ಹೊರಗೆ ಓಣಿಯವರು ಜೀಪಿನ ಸುತ್ತ ಕೂಡಿದ್ದರು. ನಮ್ಮ ಮನೆಯವರ ದನಿ ಕೇಳುತ್ತಿತ್ತು.

"ಉಸ್ತಾದ ಗಾಡಿ ಕೆಡಿಸಿದ ವೈನಿ" ಅಂದೆ. "ಎಣ್ಣ್ಯಾಗ ಉಸುಕು ಹಾಕಿದ."

"ಅಂಥವನ ಕೈಯಾಗ ಯಾಕ ಕೊಟ್ರಿ ತಂಗೀ?" ಅಂದು ಆಕೆ ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು.

ಮಾತಾಡಿಸಲು ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅದನ್ನೇ ಕೇಳಿದರು, ಯಾಕ ತಡಾ ಆತು ಎಂದು. ಮೊದಲ ಇಬ್ಬರಿಗೆ ಹೇಳುವಾಗ ನನ್ನ ನಾಲಿಗೆ ತೊದಲಿತು. ಅಳು ಅದು ಎಂದು ಅವರು ತಿಳಿದರು. ಸಂಜೆಯ ಹೊತ್ತಿಗೆ ಯಾರೂ ಕೇಳದಿದ್ದರೂ ನಾನೇ ಹೇಳುತ್ತಿದ್ದೆ.