ಬರಿಗಾಲಿನ ಅನಂತಪದ್ಮನಾಭಯ್ಯ

ಜಯನಗರದ ನಮ್ಮ ಪಾರ್ಕಿನಲ್ಲಿ ಅನಂತಪದ್ಮನಾಭಯ್ಯನವರು ಎದುರಾದವರಿಗೆ ನಮಸ್ಕಾರ ಹೇಳುವುದಿಲ್ಲ, "ಫಾಸ್ಟಿಂಗ್ ಎಷ್ಟು ಬಂತು ಸಾರ್?" ಎನ್ನುತ್ತಾರೆ. ರಕ್ತಪರೀಕ್ಷೆಗೆ ವಾರವಿದೆ ಎನ್ನುವಾಗ ಎಸ್ಸೆಸ್ಸೆಲ್ಸಿ ಹುಡುಗನಂತೆ ಪಥ್ಯಕ್ಕೆ ಕೂರುತ್ತಾರೆ. ರಕ್ತ ಕೊಟ್ಟ ತೋಳಿನಿಂದ ಹತ್ತಿ ಬೀಳುವ ಮುಂಚೆಯೇ ಪಕ್ಕದ ಹೋಟೆಲಿನಲ್ಲಿ ಕೇಸರಿಬಾತ್ ತರಿಸಿ, "ಕಾಫಿಗೆ ಸಕ್ಕರೆ ಹಾಕ್ಬೇಡಪ್ಪ, ನಂಗೆ ಶುಗರ್ ಇದೆ" ಎಂದು ಸಪ್ಲೈಯರನ್ನು ಗದರುತ್ತಾರೆ. ಕಾಲಿಗೆ ಒಳ್ಳೆಯದೆಂದು ಪಾರ್ಕಿನಲ್ಲಿ ಚೂಪಾದ ಬೆಣಚುಕಲ್ಲು ಹುದುಗಿಸಿದ ದಾರಿಯೊಂದಿದೆ. ಅದರ ಮೇಲೆ ನಾವೆಲ್ಲ ಅಯ್ಯೋ ಅಮ್ಮಾ ಎಂದು ಕುಣಿಯುವಾಗ ಅವರು ಬರಿಗಾಲಲ್ಲಿ ಮಹಾರಾಜರಂತೆ ನಡೆಯುತ್ತಾರೆ. "ಅಭ್ಯಾಸ ಆಗ್ಬೇಕು ರೀ. ನಂಗೆ ಚುಚ್ಚೋದೇ ಇಲ್ಲ, ಹೂವಿನ್ ಮೇಲೆ ನಡೆದ ಹಾಗಿರತ್ತೆ." ನಿನ್ನೆಯೂ ಹಾಗೇ ಹೇಳುತ್ತ ನಡೆದರು. ಹಿಂದೆ ಬರುತ್ತಿದ್ದ ಹೆಂಡತಿ ಅಮ್ಮಣ್ಣಿ ಮಾತ್ರ ನಿಂತುಬಿಟ್ಟರು. ಗಂಡನ ಎಡಗಾಲು ಊರಿದ ಕಲ್ಲುಗಳೆಲ್ಲ ಕೆಂಪಾಗಿದ್ದವು. ಅನಂತಪದ್ಮನಾಭಯ್ಯನವರು ಮುಂದೆ ಹೂವಿನ ಮೇಲೆ ನಡೆಯುತ್ತಲೇ ಇದ್ದರು.